ಹೊಗೆಯಿಲ್ಲದ ಕೆಂಡ

ಬಾಣಂತನಕ್ಕೆಂದು ಹಂಗಳದ ತವರಿಗೆ ಬಂದಾಗ ನನ್ನ ಕೋಣೆಯ ಸೂರಿನಲ್ಲಿ ಬಿಳಿ ತಟ್ಟೆಯಂಥ ಅಲಾರಂ ಕೂತಿತ್ತು. ಗುಂಡ್ಲುಪೇಟೆಯಲ್ಲಿ ವೈರಿಂಗ್ ಕೆಲಸ ಮಾಡುವ ಅಣ್ಣ, ಕಾಡಂಚಿನ ಹೋಂಸ್ಟೇಗಳಿಗೆ ಹಾಕಿದ್ದನ್ನೇ ನಮ್ಮ ಮನೆಯ ಕೋಣೆ ಕೋಣೆಗೂ ಹಾಕಿ ಕರೆಂಟಿನ ಲೈನಿಗೇ ಸೇರಿಸಿದ್ದ. ಹೊಗೆಯಾದರೂ ಕೂಗುತ್ತದೆ, ವಿಷಗಾಳಿಯಾದರೂ ಕೂಗುತ್ತದೆ, ತನ್ನ ಫೋನಿಗೂ ತಿಳಿಸುತ್ತದೆ ಎಂದು ಅವನ ಜಂಬ.

ಅವ್ವನಿಗೆ ಅದನ್ನು ಕಂಡರೆ ಆಗದು. ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹಿಡಿದರೆ ಸಾಕು, ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. "ಬಾಣಂತಿ ಮನೇಲಿ ಒಗೆ ಇಲ್ದೆ ಇನ್ನೇನ್ಲಾ ಇರ್ತದೆ?" ಎಂದು ಅಣ್ಣನಿಗೆ ಬೈದು ಬೈದು ಸಾಕಾಗಿ, ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಸಾಂಬ್ರಾಣಿ ಬಿಟ್ಟಳು. ಇದ್ದಿಲನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ನಿಗಿನಿಗಿ ಕೆಂಡವನ್ನಷ್ಟೇ ನನ್ನ ಮಂಚದಡಿ ತಂದಿಟ್ಟಳು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದಿದ್ದ ಬೆಳಗು ಅದು. ಕಿಟಕಿ ಸಂದಿಗೂ ಹಳೇ ಸೀರೆ ತುರುಕಿದಳು. ಸುಳ್ಳೇಕೆ ಹೇಳಲಿ, ನನಗೂ ಹಾಯಾಗಿತ್ತು.

ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಬಾಣಂತಿ ನಿಶ್ಶಕ್ತಿ ಅಂದುಕೊಂಡೆ. ಅಷ್ಟರಲ್ಲಿ ಅಲಾರಂ ಕೂಗಿತು.

"ಎಲ್ಲದಮ್ಮಿ ಒಗೆ? ಇದ್ಕೆ ತಲೆ ಕೆಟ್ಟದೆ ಕಣಮ್ಮಿ," ಎಂದ ಅವ್ವ ಮೈನ್ ಸ್ವಿಚ್ಚನ್ನೇ ಆರಿಸಿದಳು. ಒಳಗೆ ಬ್ಯಾಟರಿಯೂ ಇರುತ್ತದಲ್ಲ, ಅದು ನಿಲ್ಲಲಿಲ್ಲ. ಪೊರಕೆ ಹಿಡಿದು ಕೆಡವಲು ಹೊರಟಾಗ ಅಣ್ಣನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಅವ್ವ, ಕೆಂಡ ಏನಾರ ಮಡ್ಗಿದ್ದೀಯಾ? ಒಗೆ ಇಲ್ದಿದ್ರೂ ಅದ್ರಿಂದ ವಿಸ ಬತ್ತದೆ. ಕೂಸ್ನ ಎತ್ಕಂಡು ಆಚ್ಗೆ ಬನ್ನಿ."

"ಈ ಸೀತ್ದಲ್ಲಾ? ಕೂಸ್ನ ಕೊಂದಾಕ್ಬುಡು ಅಂತಿದ್ದೀಯಾ?" ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ನನಗೆ ಮೈಯೆಲ್ಲ ಉರಿದುಹೋಯಿತು. "ದಾರಿ ಬುಡವ್ವ," ಎಂದು ಕೂಸನ್ನು ಎದೆಗವಚಿಕೊಂಡು ಅವಳನ್ನು ತಳ್ಳಿಕೊಂಡೇ ಆಚೆ ಬಂದೆ. ಚಳಿಗೆ ಕೂಸು ಕಿಟಾರನೆ ಕಿರುಚಿತು. ಆ ಅಳು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಅಣ್ಣ ಆಟೋ ತಂದು ಆಸ್ಪತ್ರೆಗೆ ಕರೆದೊಯ್ದ. ಬೇಗ ಹೊರಗೆ ಬಂದಿದ್ದಕ್ಕೆ ಇಬ್ಬರೂ ಉಳಿದಿರಿ, ಇನ್ನು ಭಯವಿಲ್ಲ ಎಂದರು ಡಾಕ್ಟರು. ಅವ್ವ ಬೆಂಚಿನ ಮೇಲೆ ಕೂತಳು. ಆಮೇಲೆ ಅಣ್ಣನನ್ನು ಕೇಳಿದಳು:

"ನನ್ನ ಮೊದಲ್ನೇ ಕೂಸ್ಗೂ ಕೆಂಡ ಮಡ್ಗಿದ್ದೆ ಕಣ್ಲಾ. ಸೀತ ತಗಲಿ ಓಯ್ತು ಅಂದ್ರು. ಅದು ಸೀತ ಅಲ್ವಾ?"

ನಮಗಿಂತ ಮುಂಚೆ ಒಂದು ಕೂಸು ಇತ್ತೆಂದು ಗೊತ್ತಿತ್ತು, ಅದರ ಮಾತನ್ನು ಅವಳು ಆಡಿದ್ದು ಅದೇ ಮೊದಲು. ಅಣ್ಣ ನನ್ನ ಮುಖ ನೋಡಿದ. "ಯಾರ್ಗವ್ವ ಗೊತ್ತು," ಎಂದು ಕೂಸನ್ನು ಅವಳತ್ತ ಹಿಡಿದೆ. ಅವಳು ಕೈ ಚಾಚಲಿಲ್ಲ. ನಾನೇ ಅವಳ ಮಡಿಲಿಗೆ ಹಾಕಿದೆ.