ಸಿಮೆಂಟಿನ ಅಂಗಿ ತೊಟ್ಟ ಹೆರಿಗೆ ಮನೆ

ಹೆರಿಗೆ ಮನೆಯನ್ನು ಕೆಡವಿಸಲು ಬಂದಿದ್ದ ಇಂಜಿನಿಯರು ಅದರೊಳಗೇ ಕೂತು ಆದೇಶದ ಕಾಗದ ಬರೆಯುತ್ತಿದ್ದ. ಹೊರಗೆ ಬೇವಿನ ಮರದಡಿ ಅವನಿಗೆಂದೇ ಮೇಜು ಹಾಕಿದ್ದರು. ಏಪ್ರಿಲ್ ತಿಂಗಳ ಬಿಸಿಗಾಳಿಗೆ ಎರಡು ನಿಮಿಷ ಕೂರಲಾಗದೆ ಒಳಗೆ ಬಂದು, ದಪ್ಪ ಮಣ್ಣುಗೋಡೆಯ ತಂಪಿಗೆ ಬೆನ್ನು ಆನಿಸಿ ಕೂತಿದ್ದ. ಬಾಗಿಲಲ್ಲಿ ನಿಂತು ಇದನ್ನು ಕಂಡ ಕಾಚಾನಾಳ ಮೈ ಉರಿದುಹೋಯಿತು.

ಅವರ ಕಡೆ ಗೋಡೆ ಎಬ್ಬಿಸುವುದು ಗಂಡಸರು, ಮೆತ್ತುವುದು ಹೆಂಗಸರು. ಕಾಚಾನಾ ಮೂವತ್ತು ವರ್ಷದಿಂದ ಮೆತ್ತುವವರ ಮುಂದಾಳು. ಜೇಡಿಮಣ್ಣಿಗೆ ಸಗಣಿ ಕಲಸಿ ಬಳಿದು, ಹೊಳೆಗಲ್ಲಿನಿಂದ ಉಜ್ಜಿ, ಕೊನೆಗೆ ನೇರೆ ಎಂಬ ಅಲ್ಲಿಯ ಮರದ ಕಾಯಿಸಿಪ್ಪೆ ಕುದಿಸಿದ ಕೆಂಪು ನೀರು ಎರಚಿದರೆ ಗೋಡೆ ಮಳೆಗೆ ಜಗ್ಗುತ್ತಿರಲಿಲ್ಲ. ಈ ಹೆರಿಗೆ ಮನೆಯನ್ನೂ ಹಾಗೆಯೇ ಮೆತ್ತಿದ್ದಳು. ಮರವಿಲ್ಲದ ಮಣ್ಣಿನ ಕಮಾನು ಸೂರು, ಎತ್ತರದಲ್ಲಿ ಸಣ್ಣ ಕಿಂಡಿಗಳು, ಒಳಗೆ ಬೇಸಿಗೆಯಲ್ಲೂ ತಂಪು. ಪಕ್ಕದೂರಿನ ತಗಡು ಸೂರಿನ ಆಸ್ಪತ್ರೆಯಲ್ಲಾದರೆ ಬಸುರಿಯರು ಕಾವು ತಾಳದೆ ಚಾಪೆಯನ್ನು ಹೊರಗೆಳೆದುಕೊಂಡು ಮರದ ಕೆಳಗೆ ಹೆರುತ್ತಿದ್ದರು.

ಎರಡು ವರ್ಷದ ಹಿಂದೆ ಸರ್ಕಾರಿ ಕಚೇರಿಯವರು ಬಂದು, ಮಣ್ಣು ಗಟ್ಟಿಯಲ್ಲ, ಸಿಮೆಂಟು ಬಳಿಯಬೇಕು ಎಂದರು. ಕಾಚಾನಾ ಬೇಡವೆಂದಳು. ಮುದುಕಿಯ ಮಾತು ಎಂದು ನಕ್ಕರು. ಮನೆಗೆ ಬಂದವರ ಕೆಲಸವನ್ನು ತಡೆಯುವ ರೂಢಿ ಆ ಊರಿನಲ್ಲಿಲ್ಲ. ಅವಳೇ ಸಜ್ಜೆಯ ಬಿಯರನ್ನು ಸೋರೆ ಬುರುಡೆಯಲ್ಲಿ ತುಂಬಿ, ಬಳಿಯುವವರಿಗೆ ಕುಡಿಸಿದ್ದಳು. ಆ ಬುರುಡೆಯನ್ನು ನೆನೆದಾಗೆಲ್ಲ ಅವಳಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುವಂತಾಗುತ್ತಿತ್ತು. ಈಗ ಗೋಡೆಯ ಬುಡ ಉಬ್ಬಿತ್ತು. ಮಣ್ಣು ಕೆಟ್ಟಿದೆ, ಕೆಡವಿ ತಗಡು ಸೂರಿನದು ಕಟ್ಟಿ ಎಂದು ಅದೇ ಕಚೇರಿ ಇಲ್ಬೂದೊ ಎಂಬ ಈ ಇಂಜಿನಿಯರನ್ನು ಕಳಿಸಿತ್ತು.

ಕಾಚಾನಾ ಸುತ್ತಿಗೆ ತಂದಳು. ಅವನ ತಲೆಯ ಪಕ್ಕದಲ್ಲೇ ಗೋಡೆಗೆ ಹೊಡೆದಳು. ಇಲ್ಬೂದೊ ಹೌಹಾರಿ ಎದ್ದ. ಸಿಮೆಂಟು ಹಲಗೆಯಂತೆ ಕಳಚಿ ಬಿತ್ತು.

"ಕೈ ಇಡಪ್ಪ, ಇಲ್ಲಿ."

ಅವನು ಇಟ್ಟ. ಬೆರಳಿಗೆ ಕೆಸರು ಹತ್ತಿತು.

"ಮಳೆ ನಿಂತು ಐದು ತಿಂಗಳಾಯ್ತು. ಇದೆಲ್ಲಿಯ ನೀರು, ಹೇಳು. ಹೆರಿಗೆ ಆದ್ಮೇಲೆ ನೆಲ ತೊಳೀತೀವಿ. ಆ ನೀರು ಮಣ್ಣೊಳಗೆ ಹೋಗಿ, ಬಿಸಿಲಿಗೆ ಆಚೆ ಬಂದು ಆರಿಹೋಗ್ತಿತ್ತು. ನಿಮ್ಮೋರು ಒಳಗೂ ಹೊರಗೂ ಅಂಗಿ ಹೊಲಿದುಬಿಟ್ರು. ಕೊಳೀದೆ ಇನ್ನೇನಾಗುತ್ತೆ?"

ಇಲ್ಬೂದೊ ತಗ್ಗಿದ ದನಿಯಲ್ಲಿ, ತನ್ನ ಕಾಗದದಲ್ಲಿ ಇರುವುದು ಎರಡೇ ಕಾಲಂ, ಶಾಶ್ವತ ಮತ್ತು ತಾತ್ಕಾಲಿಕ; ಮಣ್ಣು ತಾತ್ಕಾಲಿಕ, ಅದಕ್ಕೆ ರಿಪೇರಿ ಮಂಜೂರಾಗದು ಎಂದ.

"ನಾನು ಮಲಗೋ ಮನೆ ನಮ್ಮಜ್ಜಿ ಮೆತ್ತಿದ್ದು. ಮಂಜೂರು ಯಾರು ಕೇಳಿದ್ರು? ಸಿಮೆಂಟು ಕಿತ್ತು ಹಾಕ್ತೀವಿ. ಒಣಗಲಿ. ಮಳೆಗೆ ಮುಂಚೆ ನಾವೇ ಮೆತ್ತುತೀವಿ. ಒಂದು ತಿಂಗಳು ಸುಮ್ನಿರು, ಸಾಕು."

ಇಲ್ಬೂದೊ ಕೈಯ ಕೆಸರನ್ನೇ ನೋಡುತ್ತ ನಿಂತ. ಆಮೇಲೆ ಕಾಗದದ ಮೇಲೆ ಒಂದು ತಿಂಗಳ ಮುಂದಿನ ತಾರೀಖು ಬರೆದ. ಸಹಿ ಹಾಕದೆ ಮಡಚಿ ಜೇಬಿಗಿಟ್ಟ.

ಹೊರಗೆ ಮೆತ್ತುವ ಹೆಂಗಸರು ಆಗಲೇ ಸುತ್ತಿಗೆ ಹಿಡಿದು ಬಂದಿದ್ದರು. ಸೂಲಗಿತ್ತಿ ಕಾದುವಾ ರೂಢಿಯಂತೆ ಅತಿಥಿಗೆ ಬಿಯರಿನ ಬುರುಡೆ ಹಿಡಿದು ನಿಂತಿದ್ದಳು. ಕಾಚಾನಾ ಅದನ್ನು ನಡುವೆಯೇ ತಡೆದಳು. ಆ ಊರಿನಲ್ಲಿ ಹಾಗೆ ಯಾರೂ ಮಾಡಿರಲಿಲ್ಲ.

"ಗೋಡೆ ಒಣಗಿದ್ಮೇಲೆ ಬಾ," ಎಂದು ಇಲ್ಬೂದೊಗೆ ಹೇಳಿದಳು. "ಅವತ್ತು ಕುಡಿ."