ಅತ್ತೆಯರು ಕೊಂಡೊಯ್ದ ಕೋಳಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಬೂದುಕೋಳಿಯ ಕತ್ತಿಗೆ ಎಳೆಬಿಸಿಲು ಬಿದ್ದು, ಒಂದು ಕ್ಷಣ ಅದು ನೀಲಿಯಾಗಿ ಕಂಡಿತು. ಇದನ್ನು ಪ್ರತ್ಯೇಕ ತಳಿಯೆಂದು ಸರ್ಕಾರ ಒಪ್ಪಲಿ ಎಂದು ಅರ್ಜಿ ಹಾಕಿದ್ದೆ. ಹೊಸೂರಿನಿಂದ ಪಶುವೈದ್ಯರು ನೋಡಲು ಬಂದರು.

“ಒಂದೇ ಮನೇಲಿದ್ರೆ ತಳಿ ಅಂತ ಬರೆಯೋಕಾಗಲ್ಲ ಪಾಟಿ, ಬೇರೆ ಊರಲ್ಲೂ ಇರ್ಬೇಕು,” ಎಂದು ನಮ್ಮಜ್ಜಿಯನ್ನು ತಮಿಳಲ್ಲಿ ‘ಅಜ್ಜಿ’ ಎಂದು ಕರೆದು ಹೇಳಿ ಫೈಲು ಮುಚ್ಚಿದರು.

ಅಜ್ಜಿ ರೇಗಿದಳು. “ಯಾಕಿಲ್ಲ ಸಾರ್? ನನ್ನ ಐದು ಹೆಣ್ಮಕ್ಳೂ ಗಂಡನ ಮನೆಗೆ ಇದೇ ಹ್ಯಾಟೆಕೋಳಿ ಕಂಕುಳಲ್ಲಿ ಇಟ್ಕೊಂಡೇ ಹೋಗವ್ರೆ. ಐದೂರಲ್ಲೂ ಅವೆ!”

“ಹಾಗಾದ್ರೆ ಫೋಟೋ ತನ್ನಿ, ನೋಡೋಣ.”

ರೇಷ್ಮೆ ಸೀರೆಯುಟ್ಟ ಐವರು ಅತ್ತೆಯರು ಕೋಳಿ ಹಿಡಿದು ಐದು ದಾರಿಗಳಲ್ಲಿ ನಡೆದುಹೋಗುವುದು ನನಗೆ ನಿಂತಲ್ಲೇ ಕಾಣಿಸಿತು.

ನಾಳೆ ಮೊದಲ ಬಸ್ಸಿಗೆ ಬಾಗಲೂರಿನ ದೊಡ್ಡತ್ತೆಯ ಮನೆಗೆ ಹೊರಡುತ್ತೇನೆ. ನನ್ನ ಮಗಳ ಮದುವೆಗೆ ಬಾರದವಳು ಕೋಳಿ ನೋಡಲು ಬಂದಳು ಎಂದು ಅವರು ಬೈಯುವುದಂತೂ ಖಂಡಿತ.