ನೇತ್ರಾಣಿಯ ನೀರಿನಲ್ಲಿ ಎರಡು ಜಗ್ಗು

ಸತ್ತವರು ಸೂಚನೆ ಕೊಡುತ್ತಾರೆ ಎನ್ನುವ ಮಾತನ್ನು ನಾನು ನಂಬಿದವಳಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, "ಅವತ್ತು ಊಟಕ್ಕೆ ಏನಿತ್ತು?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಈಗ ಕೇಳುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆರು ವರ್ಷದ ಹಿಂದೆ, ಪಿಯುಸಿ ಮುಗಿಸಿದ ನನ್ನ ಮಗಳು ಸಿರಿ ಸ್ಕೂಬಾ ಡೈವಿಂಗಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಇರುವವಳು ಒಬ್ಬಳೇ ಮಗಳು. ನಾನೂ ಬರುತ್ತೇನೆ, ತಂಡವನ್ನು ನಾನೇ ಆರಿಸುತ್ತೇನೆ ಎಂದೆ. ಸಹಕಾರನಗರದ ಮನೆಯಲ್ಲಿ ಕೂತು ಹತ್ತು ಕಡೆ ಫೋನ್ ಮಾಡಿದೆ. ಆರ್.ಟಿ. ನಗರದ ಒಬ್ಬ, "ಈಜು ಬರ್ದಿದ್ರೂ ಪರ್ವಾಗಿಲ್ಲ ಆಂಟಿ, ವಿಡಿಯೋ ಸೂಪರಾಗ್ ಬರುತ್ತೆ" ಎಂದ. ಅವನನ್ನು ಅಲ್ಲಿಗೇ ಕೈಬಿಟ್ಟೆ. ಯಲಹಂಕದ ಸುಜಾತಾ ಎಂಬ ತರಬೇತುದಾರರು ಮಾತ್ರ ಬೇರೆ ಥರ ಮಾತಾಡಿದರು.

"ಡಾಕ್ಟರ್ ಚೀಟಿ ತನ್ನಿ. ನೆಗಡಿ ಇದ್ರೆ ನೀರಿಗೆ ಇಳಿಸಲ್ಲ. ಒಬ್ರು ಮೇಲೆ ಬಂದ್ರೆ ಎಲ್ರೂ ಬರ್ಬೇಕು. ಒಪ್ಪಿಗೆ ಇದ್ರೆ ಬನ್ನಿ."

"ಇದು ಟೂರಾ, ಪರೀಕ್ಷೆನಾ ಅಮ್ಮ?" ಎಂದು ಸಿರಿ ಮುಖ ಊದಿಸಿದಳು. ನನಗೆ ಮಾತ್ರ ಅಪ್ಪನ ನೆನಪಾಗಿ ಜೀವ ತಣ್ಣಗಾಯಿತು.

ಜಕ್ಕೂರಿನ ನಮ್ಮ ತೋಟದ ಬಾವಿಯಲ್ಲಿ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವನು ಅಪ್ಪ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮೂಗು ನೋಡುತ್ತಿದ್ದ. "ಮೂಗು ಸೋರ್ತಾ ಐತೆ, ಓಗು ಮನೆಗೆ" ಎಂದರೆ ಮುಗಿಯಿತು, ಸ್ವಂತ ಮಗಳನ್ನೂ ಬಿಡುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ, ತುದಿ ಹಿಡಿದು ಮೇಲೆ ಕೂರುತ್ತಿದ್ದ. ಎರಡು ಸಲ ಜಗ್ಗಿದರೆ ಸಾಕು, ಮೇಲೆ ಬಾ ಎಂದರ್ಥ. ಅಂಗಾತ ತೇಲುವಾಗ ಬಾವಿಯ ಬಾಯಿಯಷ್ಟೇ ಆಕಾಶ ಕಾಣುತ್ತಿತ್ತು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಅದನ್ನು ಕ್ಷಣದಲ್ಲಿ ದಾಟಿ ಹೋಗುತ್ತಿತ್ತು. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಮಲಗಿಲ್ಲ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ.

ಮುರುಡೇಶ್ವರದಿಂದ ಹೊರಟ ದೋಣಿ ನೇತ್ರಾಣಿ ದ್ವೀಪದ ಹತ್ತಿರ ನಿಂತಾಗ ಬೆಳಗಿನ ಹತ್ತು ಗಂಟೆ. "ನೆಗಡಿ, ಕಿವಿನೋವು ಯಾರಿಗಾದ್ರೂ ಇದೆಯಾ?" ಎಂದು ಸುಜಾತಾ ಇನ್ನೊಮ್ಮೆ ಕೇಳಿದರು. ಎಲ್ಲರೂ ಇಲ್ಲವೆಂದೆವು. ಸಿರಿಯ ಜೊತೆ ಸುಜಾತಾ, ನನ್ನ ಜೊತೆ ಅವರ ಸಹಾಯಕ ಇಳಿದರು. ಸಿರಿ ನನಗಿಂತ ಮುಂದೆ, ಕೆಳಕ್ಕೆ ಹೋಗುತ್ತಿದ್ದಳು. ನೀರು ತಿಳಿಯಾಗಿತ್ತು, ನನಗೇನೂ ಕಷ್ಟವಿರಲಿಲ್ಲ.

ಆಗ ನನ್ನ ಸೊಂಟವನ್ನು ಯಾರೋ ಜಗ್ಗಿದರು. ಒಂದು. ಸ್ವಲ್ಪ ತಡೆದು ಇನ್ನೊಂದು. ಸಹಾಯಕ ಪಕ್ಕದಲ್ಲಿದ್ದ, ಅವನ ಎರಡೂ ಕೈ ನನ್ನ ಕಣ್ಣೆದುರಿಗೇ ಇದ್ದವು. ತಿರುಗಿ ನೋಡಿದರೆ ಬರೀ ನೀರು. ನಾನು ಯೋಚನೆ ಮಾಡಲಿಲ್ಲ, ಹೆಬ್ಬೆರಳು ಮೇಲೆತ್ತಿದೆ. ನೀರಿನೊಳಗೆ ಅದು ಮೇಲೆ ಹೋಗಬೇಕೆಂಬ ಸನ್ನೆ. ಸಹಾಯಕ ಸುಜಾತಾರಿಗೆ ತಿಳಿಸಿದ. ಅವರ ನಿಯಮದಂತೆ ಎಲ್ಲರೂ ಮೇಲೆ ಬಂದೆವು.

ದೋಣಿಯಲ್ಲಿ ಸಿರಿ ಮಾಸ್ಕ್ ತೆಗೆದಾಗ ಅದರೊಳಗೆ ಮೂಗಿನಿಂದ ಸೋರಿದ ರಕ್ತವಿತ್ತು. ಅವಳಿಗೆ ಮೂರು ದಿನದಿಂದ ನೆಗಡಿಯಂತೆ. ಇಳಿಸುವುದಿಲ್ಲವೆಂದು ಹೆದರಿ, ಮಾತ್ರೆ ನುಂಗಿ ಮುಚ್ಚಿಟ್ಟಿದ್ದಳು. ಮೂಗು ಕಟ್ಟಿ, ನೀರಿನ ಒತ್ತಡಕ್ಕೆ ಕಿವಿ ಸಿಡಿಯುತ್ತಿದ್ದರೂ ಸುಜಾತಾ ಕೇಳಿದಾಗಲೆಲ್ಲ ಕೈಸನ್ನೆಯಲ್ಲಿ ಸರಿಯಿದೆ ಎನ್ನುತ್ತಿದ್ದಳು. "ಇನ್ನೂ ಸ್ವಲ್ಪ ಕೆಳಗೆ ಹೋಗಿದ್ರೆ ಕಿವಿ ತಮಟೆ ಹರಿದು ಹೋಗ್ತಿತ್ತು" ಎಂದರು ಆ ಸಂಜೆ ನೋಡಿದ ಡಾಕ್ಟರು. ಬೈಯಬೇಕೆಂದು ಬಾಯಿ ತೆರೆದವಳು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಆ ಜಗ್ಗಿನ ಬಗ್ಗೆ ಸುಜಾತಾರನ್ನು ಕೇಳಿದೆ. "ನೀರಿನ ಸೆಳೆತ ಇರ್ಬಹುದು ಮೇಡಂ, ಇಲ್ಲಾ ಬೆಲ್ಟ್ ಎಲ್ಲೋ ಸಿಕ್ಕೊಂಡಿರ್ಬಹುದು" ಎಂದರು. ಇರಬಹುದು. ಪಾಠ ಮಾಡುವವಳಾಗಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕಷ್ಟದಲ್ಲಿದ್ದವಳು ಸಿರಿ, ಜಗ್ಗಿದ್ದು ನನ್ನನ್ನು ಯಾಕೆ ಎಂದು ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ.

ಅಪ್ಪ ಹೋಗಿ ಎರಡು ವರ್ಷದ ಮೇಲೆ ಹುಟ್ಟಿದವಳು ಅವಳು. ಮೊಮ್ಮಗಳ ಮುಖವನ್ನೇ ಅವನು ನೋಡಿಲ್ಲ. ಆ ನೀರಿನಲ್ಲಿ ಅವನಿಗೆ ಗುರುತಿದ್ದವಳು ನಾನೊಬ್ಬಳೇ ಇರಬೇಕು.